ನಮ್ಮ ಬೀದಿಯ ಬೀಟ್ ಸಮಿತಿಗೆ ಸೇರಬೇಕೇ? ಸೇರಿದರೆ ಠಾಣೆಯಿಂದ ಏನನ್ನು ಕೇಳಬೇಕು?

ಪ್ರಶ್ನೆ: ಸಂತೆಬೀದಿ ನಿವಾಸಿ

ನಮ್ಮದು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರ. ಪುರಸಭೆ ಇದೆಯಾದರೂ, ಒಂದು ಮನೆಯ ಸಂಗತಿ ಸಂಜೆಯೊಳಗೆ ಇಡೀ ಬೀದಿಗೆ ತಿಳಿಯುವಷ್ಟು ಚಿಕ್ಕ ಊರು. ಕಳೆದ ವಾರ ನಮ್ಮ ಭಾಗದ ಬೀಟ್ ಕಾನ್‌ಸ್ಟೇಬಲ್ ಮನೆಗೆ ಬಂದಿದ್ದರು. ಮನೆಯಲ್ಲಿ ಯಾರು ಯಾರು ಇದ್ದಾರೆ, ವಯಸ್ಸಾದವರು ಒಂಟಿಯಾಗಿ ಇದ್ದಾರೆಯೇ, ಬೀದಿಯಲ್ಲಿ ಏನಾದರೂ ತೊಂದರೆ ಇದೆಯೇ ಎಂದೆಲ್ಲ ಸೌಜನ್ಯದಿಂದ ವಿಚಾರಿಸಿ, ತಮ್ಮ ಮೊಬೈಲ್ ಸಂಖ್ಯೆ ಕೊಟ್ಟು, ಹೊರಡುವಾಗ ನನ್ನನ್ನು ಬೀಟ್ ಸಮಿತಿಯ, ಅಂದರೆ ನಮ್ಮ ಭಾಗದ ನಾಗರಿಕರು ಪೊಲೀಸರೊಂದಿಗೆ ಕುಳಿತು ಸಭೆ ನಡೆಸುವ ಗುಂಪಿನ, ಸದಸ್ಯನಾಗುವಂತೆ ಕೇಳಿದರು. ಯೋಚಿಸಿ ತಿಳಿಸುತ್ತೇನೆ ಎಂದು ಹೇಳಿದ್ದೇನೆ.

ಒಪ್ಪಿಕೊಳ್ಳಲು ಹಿಂದೆಮುಂದೆ ನೋಡುತ್ತಿರುವುದಕ್ಕೆ ಕಾರಣ ಆ ಕಾನ್‌ಸ್ಟೇಬಲ್ ಅಲ್ಲ. ಕೆಲವು ತಿಂಗಳ ಹಿಂದೆ ನಮ್ಮ ಮನೆಯ ಮುಂದೆಯೇ ಕುಳಿತು ಸೊಪ್ಪು ಮಾರುವ ಹೆಂಗಸಿನ ಮೊಬೈಲ್ ಸಂತೆಯ ದಿನ ಕಳುವಾಯಿತು. ಆಕೆಯೊಂದಿಗೆ ನಾನೂ ಠಾಣೆಗೆ ಹೋಗಿದ್ದೆ. ಠಾಣೆಯ ಬರಹಗಾರರು ಎಲ್ಲವನ್ನೂ ಕೇಳಿ, ಬಿಳಿ ಹಾಳೆಯ ಮೇಲೆ ಅರ್ಜಿ ಬರೆಸಿಕೊಂಡು, ಅದನ್ನು ಮೇಜಿನ ಗಾಜಿನ ಕೆಳಗೆ ಸೇರಿಸಿ, ಸಿಕ್ಕರೆ ಹೇಳಿ ಕಳುಹಿಸುತ್ತೇವೆ ಎಂದರು. ಸ್ವೀಕೃತಿ ಕೇಳಿದಾಗ ಅಂಥ ಪದ್ಧತಿಯಿಲ್ಲ ಎಂಬ ಉತ್ತರ ಬಂದಿತು. ಅದೇ ಸಮಯದಲ್ಲಿ ನಮ್ಮ ಬೀದಿಯ ವರ್ತಕರೊಬ್ಬರ ಸ್ಕೂಟರ್ ಕಳುವಾದಾಗ ಅಂದೇ ಸಂಜೆ ಎಫ್‌ಐಆರ್ ಪ್ರತಿ ಅವರ ಕೈ ಸೇರಿತ್ತು. ಮತ್ತೊಂದು ಸಂದರ್ಭದಲ್ಲಿ, ಚರಂಡಿ ನೀರು ಹರಿಯುವ ವಿಷಯಕ್ಕೆ ಎರಡು ಮನೆಗಳ ನಡುವೆ ಮಾತಿಗೆ ಮಾತು ಬೆಳೆದಾಗ, ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಫೋನ್ ಮಾಡಿ ಕರೆಸಿ, ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ, ಕೊನೆಗೆ ಮುಚ್ಚಳಿಕೆ ಬರೆಸಿಕೊಂಡು ಕಳುಹಿಸಿದರು. ಅವರ ಬಳಿ ಅದರ ಒಂದು ಪ್ರತಿಯೂ ಇಲ್ಲ. ಗಣೇಶೋತ್ಸವದ ಧ್ವನಿವರ್ಧಕದ ಬಗ್ಗೆ ಹೇಳುವುದೇ ಬೇಡ. ರಾತ್ರಿ ಹತ್ತಕ್ಕೆ ಅದನ್ನು ನಿಲ್ಲಿಸಬೇಕು, ಆದರೆ ಯಾರ ಪೆಂಡಾಲು ಎಂಬುದರ ಮೇಲೆ ನಮ್ಮಲ್ಲಿ ಹತ್ತು ಗಂಟೆಯಾಗುತ್ತದೆ.

ಹೀಗಿರುವಾಗ ಸಮಿತಿಯಲ್ಲಿ ನನ್ನಂಥವನು ಕುಳಿತು ಮಾಡುವುದೇನು? ಠಾಣೆಗೆ ಸುದ್ದಿ ಮುಟ್ಟಿಸುವವನು ಎಂಬ ಹೆಸರು ಬಂದರೆ ಬೀದಿಯಲ್ಲಿ ಬದುಕುವುದು ಕಷ್ಟ. ಸೇರದೆ ದೂರ ಉಳಿದರೆ, ಈಗಾಗಲೇ ಠಾಣೆಯಲ್ಲಿ ಬಳಕೆಯಿರುವವರೇ ಆ ಕುರ್ಚಿಗಳಲ್ಲಿ ಕೂರುತ್ತಾರೆ. ಈ ವ್ಯವಸ್ಥೆಯನ್ನು ಒಳಗಿನಿಂದ ಬಲ್ಲವರು, ಕಾನೂನು ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ನಿವೃತ್ತ ಎಎಸ್‌ಐ

ನಾನು ಕಾನ್‌ಸ್ಟೇಬಲ್ ಆಗಿ ಸೇರಿ ಎಎಸ್‌ಐ ಆಗಿ ನಿವೃತ್ತನಾದವನು. ಸೇವೆಯ ಬಹುಭಾಗ ತಾಲ್ಲೂಕು ಠಾಣೆಗಳಲ್ಲಿಯೇ ಕಳೆಯಿತು. ಮೊದಲು ಬೀಟ್ ಎಂಬುದರ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಜನರು ಅದನ್ನು ಬರೀ ರಾತ್ರಿ ಗಸ್ತು ಎಂದು ತಿಳಿದಿರುತ್ತಾರೆ.

ಹಿಂದೆ ನಾವು ರಾತ್ರಿ ಬೀಟಿಗೆ ಹೋದಾಗ ಬ್ಯಾಂಕು, ದೇವಸ್ಥಾನ, ಮಸೀದಿ, ಸೊಸೈಟಿ ಗೋದಾಮುಗಳ ಬಾಗಿಲಿಗೆ ತೂಗುಹಾಕಿದ ಪಾಯಿಂಟ್ ಪುಸ್ತಕಕ್ಕೆ ಟಾರ್ಚ್ ಬೆಳಕಿನಲ್ಲಿ ಸಮಯ ಬರೆದು ಸಹಿ ಹಾಕಬೇಕಿತ್ತು. ಬೆಳಿಗ್ಗೆ ಠಾಣಾಧಿಕಾರಿ ಆ ಪುಸ್ತಕ ನೋಡಿ ನಾವು ಎಷ್ಟು ಹೊತ್ತಿಗೆ ಎಲ್ಲಿದ್ದೆವು ಎಂಬುದನ್ನು ತಾಳೆ ಹಾಕುತ್ತಿದ್ದರು. ಈಗ ಹಲವೆಡೆ ಅದೇ ಗೋಡೆಗಳ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಮೊಬೈಲಿನಿಂದ ಸ್ಕ್ಯಾನ್ ಮಾಡಿದರೆ ಹೋದದ್ದು ದಾಖಲಾಗುತ್ತದೆ. ಪುಸ್ತಕವಾಗಲಿ ಕೋಡ್ ಆಗಲಿ, ಸಿಬ್ಬಂದಿ ಆ ಗೋಡೆಯವರೆಗೆ ಹೋದನೆಂಬುದಕ್ಕೆ ಸಾಕ್ಷಿಯೇ ಹೊರತು ಆ ಬೀದಿಯ ಜನರೊಂದಿಗೆ ಮಾತನಾಡಿದನೆಂಬುದಕ್ಕಲ್ಲ.

2017ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಸುಧಾರಿತ ಬೀಟ್ ವ್ಯವಸ್ಥೆ ಈ ಕೊರತೆಯನ್ನು ತುಂಬಲೆಂದೇ ಬಂದದ್ದು. ಠಾಣೆಯ ಸರಹದ್ದನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಹಂಚಿ, ಒಬ್ಬೊಬ್ಬ ಕಾನ್‌ಸ್ಟೇಬಲ್ ಅಥವಾ ಹೆಡ್ ಕಾನ್‌ಸ್ಟೇಬಲ್‌ಗೆ ಒಂದೊಂದು ಭಾಗದ ಹೊಣೆ ವಹಿಸಿ, ಆ ಭಾಗದ ನಾಗರಿಕರನ್ನು ಬೀಟ್ ಸದಸ್ಯರನ್ನಾಗಿ ಸೇರಿಸಿಕೊಂಡು ಸಭೆ ನಡೆಸುವುದು ಅದರ ತಿರುಳು. 2025ರ ಜುಲೈನಲ್ಲಿ ಆರಂಭವಾದ 'ಮನೆ ಮನೆಗೆ ಪೊಲೀಸ್' ಕಾರ್ಯಕ್ರಮ ಇದರ ಮುಂದುವರಿಕೆ. ಸುಮಾರು 40ರಿಂದ 50 ಮನೆಗಳನ್ನು ಒಂದು ಗುಂಪಾಗಿ ಮಾಡಿಕೊಂಡು ಬೀಟ್ ಸಿಬ್ಬಂದಿಯೇ ಮನೆಬಾಗಿಲಿಗೆ ಹೋಗಬೇಕು ಎಂಬುದು ಅದರ ಉದ್ದೇಶ. ತಮ್ಮ ಮನೆಗೆ ಬಂದ ಕಾನ್‌ಸ್ಟೇಬಲ್ ಬಹುಶಃ ಆ ಕೆಲಸದ ಮೇಲೆಯೇ ಬಂದಿರುತ್ತಾರೆ. ಆ ವರ್ಷದ ಅಕ್ಟೋಬರ್‌ನಲ್ಲಿ ನಮ್ಮ ಕಾನ್‌ಸ್ಟೇಬಲ್‌ಗಳ ಹಳೆಯ ಮಡಿಕೆಯ ಟೋಪಿ ಹೋಗಿ ನೀಲಿ ಪೀಕ್ ಕ್ಯಾಪ್ ಬಂದಿತು. ನನ್ನ ಕಾಲದವರಿಗೆ ಅದು ಸಣ್ಣ ಸಂಗತಿಯಲ್ಲ. ಮನೆಬಾಗಿಲಿಗೆ ಹೋಗುವ ಸಿಬ್ಬಂದಿಗೆ ಮೇಲಧಿಕಾರಿಯಂತೆಯೇ ಗೌರವದ ಟೋಪಿ ಇರಬೇಕೆಂದು ನಾವು ಬಹಳ ಕಾಲದಿಂದ ಬಯಸಿದ್ದೆವು.

ಇನ್ನು ಸಮಿತಿಯ ವಿಷಯ. ಬೀಟ್ ಸದಸ್ಯರಿಂದ ಠಾಣೆಗೆ ನಿಜವಾಗಿ ಆಗುವ ಸಹಾಯ ಕಳ್ಳನನ್ನು ಹಿಡಿದುಕೊಡುವುದಲ್ಲ. ಯಾವ ಬೀದಿದೀಪ ಉರಿಯುತ್ತಿಲ್ಲ, ಯಾವ ಶಾಲೆಯ ಗೇಟಿನ ಬಳಿ ಸಂಜೆ ಬೈಕುಗಳು ನಿಲ್ಲುತ್ತವೆ, ಯಾವ ಮನೆಯವರು ಮದುವೆಗೆಂದು ಬೀಗ ಹಾಕಿ ಹೊರಟಿದ್ದಾರೆ, ಯಾವ ಇಬ್ಬರು ಅಣ್ಣತಮ್ಮಂದಿರ ಜಮೀನಿನ ಜಗಳ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಿದೆ ಎಂಬ ಮಾತುಗಳು ಠಾಣೆಯ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ನಾನು ನೋಡಿದ ಗಂಭೀರ ಹಲ್ಲೆ ಪ್ರಕರಣಗಳಲ್ಲಿ ಅನೇಕವು ಎರಡು ಮೂರು ತಿಂಗಳ ಮೊದಲೇ ಊರಿನವರಿಗೆಲ್ಲ ತಿಳಿದಿದ್ದ ಬದುವಿನ ಜಗಳಗಳು. ನಮಗೆ ಮಾತ್ರ ರಕ್ತ ಬಿದ್ದ ಮೇಲೆ ತಿಳಿಯುತ್ತಿತ್ತು. ಆದ್ದರಿಂದ ತಾವು ಸೇರಬೇಕೆಂಬುದೇ ನನ್ನ ಅಭಿಪ್ರಾಯ.

ಸ್ವೀಕೃತಿಯ ವಿಷಯದಲ್ಲಿ ಠಾಣೆಯ ಕಡೆಯ ಕಷ್ಟವನ್ನೂ ಹೇಳುತ್ತೇನೆ. ತಾಲ್ಲೂಕು ಠಾಣೆಯಲ್ಲಿ ಒಂದು ದಿನಕ್ಕೆ ಬಂದೋಬಸ್ತ್, ಕೋರ್ಟ್ ಡ್ಯೂಟಿ, ಸಮನ್ಸ್ ಜಾರಿ, ಕೈದಿ ಬೆಂಗಾವಲು, ಶವಪರೀಕ್ಷೆಯ ಕೆಲಸ ಎಂದು ಹಂಚಿದ ಮೇಲೆ ಠಾಣೆಯಲ್ಲಿ ಉಳಿಯುವವರು ಬೆರಳೆಣಿಕೆಯಷ್ಟು ಮಂದಿ. ಬೀಟ್ ಸಿಬ್ಬಂದಿಯನ್ನೇ ಜಾತ್ರೆಯ ಬಂದೋಬಸ್ತಿಗೆ ಬೇರೆ ತಾಲ್ಲೂಕಿಗೆ ಕಳುಹಿಸಿದರೆ ಆ ವಾರ ಬೀಟ್ ಕಾಗದದ ಮೇಲೆ ಮಾತ್ರ ಇರುತ್ತದೆ. ಪ್ರಕರಣ ದಾಖಲಾದಷ್ಟೂ ಠಾಣೆಯ ಅಂಕಿಸಂಖ್ಯೆ ಏರುತ್ತದೆ, ಪತ್ತೆಯಾಗದಿದ್ದರೆ ಅಪರಾಧ ಪರಿಶೀಲನಾ ಸಭೆಯಲ್ಲಿ ಠಾಣಾಧಿಕಾರಿ ಉತ್ತರ ಹೇಳಬೇಕಾಗುತ್ತದೆ. ಸಣ್ಣ ಕಳುವನ್ನು ಬಿಳಿ ಹಾಳೆಯಲ್ಲೇ ಇಟ್ಟುಕೊಳ್ಳುವ ಚಾಳಿ ಹುಟ್ಟಿದ್ದು ಇಲ್ಲಿಂದ. ಅದು ಸರಿಯೆಂದು ನಾನು ಹೇಳುತ್ತಿಲ್ಲ. ಸೊಪ್ಪು ಮಾರುವಾಕೆಗೆ ಸ್ವೀಕೃತಿ ಕೊಡಲು ಎರಡು ನಿಮಿಷ ಸಾಕು, ಅದನ್ನು ಕೊಡಲೇಬೇಕಿತ್ತು.

ಉತ್ತರ 2: ಪ್ರೌಢಶಾಲಾ ಶಿಕ್ಷಕಿ, ಮಲೆನಾಡು

ಹಿರಿಯರ ಅನುಭವಕ್ಕೆ ಗೌರವ ಸಲ್ಲಿಸುತ್ತಲೇ ಒಂದು ಮಾತು ಸೇರಿಸಲು ಇಚ್ಛಿಸುತ್ತೇನೆ. ನಮ್ಮ ಊರಿನಲ್ಲಿಯೂ ಬೀಟ್ ಸಭೆ ನಡೆಯುತ್ತದೆ. ನನ್ನನ್ನು ಶಾಲೆಯ ಪರವಾಗಿ ಕರೆಯುತ್ತಾರೆ. ಮೊದಲ ಸಾಲಿನಲ್ಲಿ ಕಿರಾಣಿ ಅಂಗಡಿಯ ಮಾಲೀಕರು, ಪೆಟ್ರೋಲ್ ಬಂಕಿನವರು, ಗುತ್ತಿಗೆದಾರರು, ಎರಡೂ ಪಕ್ಷಗಳ ಮುಖಂಡರು ಇರುತ್ತಾರೆ. ಮಾತು ಪಾರ್ಕಿಂಗ್, ಸಿಸಿಟಿವಿ ಕ್ಯಾಮೆರಾ ಮತ್ತು ಬೀಡಾಡಿ ದನಗಳ ಸುತ್ತ ಮುಗಿದು ಚಹಾ ಬರುತ್ತದೆ. ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ ಅಸ್ಸಾಂ ಮತ್ತು ಉತ್ತರ ಕರ್ನಾಟಕದ ಕಾರ್ಮಿಕರು, ಕೆರೆಯ ಆಚೆಯ ಕಾಲೊನಿಯವರು, ಬೀದಿ ಬದಿಯ ವ್ಯಾಪಾರಿಗಳು ಆ ಸಭೆಯಲ್ಲಿ ಇರುವುದಿಲ್ಲ. ಊರಿನಲ್ಲಿ ಕಳುವಾದಾಗ ಮೊದಲು ವಿಚಾರಣೆಗೊಳಗಾಗುವವರು ಮಾತ್ರ ಅವರೇ. ಮುಖ ನೋಡಿ ಮಣೆ ಹಾಕುವುದು ಎಂಬ ಮಾತಿದೆಯಲ್ಲ, ಸಣ್ಣ ಊರಿನಲ್ಲಿ ಪರಿಚಯವೆಂಬುದು ಎಷ್ಟು ದೊಡ್ಡ ಅನುಕೂಲವೋ ಪರಿಚಯವಿಲ್ಲದವರಿಗೆ ಅಷ್ಟೇ ದೊಡ್ಡ ಗೋಡೆ.

ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕುಂದುಕೊರತೆ ಸಭೆಯನ್ನು ಠಾಣೆಗಳಲ್ಲಿ ಪ್ರತ್ಯೇಕವಾಗಿ ನಡೆಸುತ್ತಾರೆ, ಅದು ಒಳ್ಳೆಯದೇ. ಆದರೆ ಕಾಲೊನಿಯ ಜನರ ಸಮಸ್ಯೆ ಆ ಸಭೆಯಲ್ಲಿ, ಊರಿನ ಸಮಸ್ಯೆ ಈ ಸಭೆಯಲ್ಲಿ ಎಂದು ಬೇರೆ ಮಾಡಿಬಿಟ್ಟರೆ ಊರು ಎಂದರೆ ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕಾಲೊನಿಗೆ ಹೋಗುವ ದಾರಿಯ ದೀಪ ಕೆಟ್ಟಿರುವುದು ಇಡೀ ಬೀಟ್ ಸಮಿತಿಯ ವಿಷಯವಾಗಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಸಣ್ಣ ಊರಿನ ಕಷ್ಟವೇ ಬೇರೆ. ನಮ್ಮ ಶಾಲೆಯ ಮಕ್ಕಳನ್ನು 'ತೆರೆದ ಮನೆ' ಕಾರ್ಯಕ್ರಮಕ್ಕೆಂದು ಠಾಣೆಗೆ ಕರೆದುಕೊಂಡು ಹೋಗಿದ್ದೆ. ಠಾಣಾಧಿಕಾರಿಗಳು ವೈರ್‌ಲೆಸ್ ಸೆಟ್ಟನ್ನು, ಬಂದೂಕು ಇಡುವ ಕೋಣೆಯನ್ನು, ದೂರು ಬರೆಯುವ ಮೇಜನ್ನು ಬಹಳ ಪ್ರೀತಿಯಿಂದ ತೋರಿಸಿದರು. ಹಿಂದಿರುಗುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಬಸ್ಸಿನಲ್ಲಿ ತೊಂದರೆ ಕೊಡುವವನು ಇಲ್ಲಿ ಕೆಲಸ ಮಾಡುವವರ ನೆಂಟನೇ ಆಗಿದ್ದರೆ ಏನು ಮಾಡಬೇಕು ಎಂದು ನನ್ನನ್ನು ಕೇಳಿದಳು. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಂಖ್ಯೆ 112 ಇರುವುದು ಇಂಥ ಸಂದರ್ಭಕ್ಕೇ ಎಂದು ಅವಳಿಗೆ ಹೇಳಿದೆ. 112ಕ್ಕೆ ಮಾಡಿದ ಕರೆ ದಾಖಲಾಗುತ್ತದೆ, ಯಾರು ಯಾರ ನೆಂಟರೆಂದು ಅಲ್ಲಿ ಕೇಳುವವರಿಲ್ಲ. ಅಂದಿನಿಂದ ನಾನು ಬೀಟ್ ಸಭೆಯಲ್ಲಿ ಪ್ರತಿ ಬಾರಿಯೂ ಕೇಳುತ್ತಿರುವುದು ಒಂದೇ: ಬೀಟ್ ಕಾನ್‌ಸ್ಟೇಬಲ್ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸುವಾಗ ಪಕ್ಕದಲ್ಲಿ ಈ ಎರಡು ಸಂಖ್ಯೆಗಳನ್ನು ಮತ್ತು ಮಹಿಳಾ ಸಹಾಯವಾಣಿ 181ನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಗಂಡನ ಹೊಡೆತದ ದೂರನ್ನು ರಾಜಿ ಮಾಡಿಸಿ ಮನೆಗೆ ಕಳುಹಿಸುವ ಮುನ್ನ, ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಎಂಬುದನ್ನಾದರೂ ಆ ಹೆಣ್ಣುಮಗಳಿಗೆ ತಿಳಿಸಬೇಕು.

ತಾವು ಸೇರಿರಿ. ಸೇರುವಾಗ ಆ ಸೊಪ್ಪು ಮಾರುವ ಮಹಿಳೆಯನ್ನೂ ಸದಸ್ಯೆಯನ್ನಾಗಿ ಮಾಡಬೇಕೆಂದು ಕೇಳಿರಿ. ಸಂತೆಯಲ್ಲಿ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂಬುದು ನಿಮಗಿಂತ ಆಕೆಗೆ ಚೆನ್ನಾಗಿ ತಿಳಿದಿರುತ್ತದೆ.

ಉತ್ತರ 3: ತಾಲ್ಲೂಕು ನ್ಯಾಯಾಲಯದ ವಕೀಲ

ಪ್ರಶ್ನೆ ಕೇಳಿದವರು ಮೂರು ಘಟನೆಗಳನ್ನು ಹೇಳಿದ್ದಾರೆ. ಮೂರಕ್ಕೂ ಕಾನೂನು ಬೇರೆ ಬೇರೆ. ಒಂದೊಂದಾಗಿ ನೋಡುವುದು ಒಳ್ಳೆಯದು.

ಮೊಬೈಲ್ ಕಳುವಿನ ವಿಷಯದಲ್ಲಿ ಅನೇಕರಿಗೆ ತಿಳಿಯದ ಬದಲಾವಣೆಯೊಂದು ಆಗಿದೆ. ಹಳೆಯ ಐಪಿಸಿ ಮತ್ತು ಸಿಆರ್‌ಪಿಸಿಗಳ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಕಳುವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಕದ್ದವನು ಮೊದಲ ಬಾರಿಗೆ ಶಿಕ್ಷೆಗೊಳಗಾಗುವವನಾಗಿದ್ದು, ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಇಂಥ ಕಳುವನ್ನು ಅಸಂಜ್ಞೇಯ ಅಪರಾಧವೆಂದು, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸಲಾಗದ ಅಪರಾಧವೆಂದು, ವರ್ಗೀಕರಿಸಲಾಗಿದೆ. ಶಿಕ್ಷೆಯ ದೃಷ್ಟಿಯಿಂದ ಇದು ಮಾನವೀಯ ಸುಧಾರಣೆ. ಆದರೆ ಠಾಣೆಯ ಮೇಜಿನ ಮುಂದೆ ಇದರ ಪರಿಣಾಮ ಬೇರೆಯೇ ಆಗಿದೆ. ವರ್ತಕರ ಸ್ಕೂಟರಿಗೆ ಎಫ್‌ಐಆರ್ ಆಗುತ್ತದೆ. ಸೊಪ್ಪು ಮಾರುವಾಕೆಯ ಹಳೆಯ ಮೊಬೈಲ್ 5,000ದ ಗೆರೆಯ ಕೆಳಗೆ ಬೀಳುವುದರಿಂದ, ಕದ್ದವನು ಯಾರೆಂದೇ ತಿಳಿಯದಿದ್ದರೂ, ಅದು ಅಸಂಜ್ಞೇಯವೆಂದು ಕೈತೊಳೆದುಕೊಳ್ಳಲು ದಾರಿಯಾಗಿದೆ. ಒಂದು ತಿಂಗಳ ಸಂಪಾದನೆ ಕೂಡಿಸಿ ಕೊಂಡ ಫೋನು ಆಕೆಗೆ ಸ್ಕೂಟರಿಗಿಂತ ಕಡಿಮೆಯೇನಲ್ಲ ಎಂಬುದು ಕಾನೂನಿನ ಪಟ್ಟಿಯಲ್ಲಿ ಕಾಣುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಸಣ್ಣ ಊರುಗಳ ಬಡವರಿಗೆ ಆದ ನಿಜವಾದ ನಷ್ಟ, ಇದರ ಬಗ್ಗೆ ಸಾಕಷ್ಟು ಚರ್ಚೆಯಾಗಿಲ್ಲ.

ಹಾಗೆಂದು ಅಸಂಜ್ಞೇಯ ಅಪರಾಧದ ದೂರನ್ನು ಮೇಜಿನ ಗಾಜಿನ ಕೆಳಗಿಡಲು ಕಾನೂನು ಅವಕಾಶ ಕೊಟ್ಟಿಲ್ಲ. ಸುರಕ್ಷಾ ಸಂಹಿತೆಯ 174ನೆಯ ಕಲಂ ಪ್ರಕಾರ ಠಾಣಾಧಿಕಾರಿ ಮಾಹಿತಿಯ ಸಾರವನ್ನು ನಿಗದಿತ ಪುಸ್ತಕದಲ್ಲಿ ದಾಖಲಿಸಿ, ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕು. ಅಂಥ ಪ್ರಕರಣಗಳ ದಿನಚರಿ ವರದಿಯನ್ನು ಹದಿನೈದು ದಿನಗಳಿಗೊಮ್ಮೆ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬೇಕು. ದಾಖಲಿಸಿದ ಸಂಖ್ಯೆಯೊಂದಿಗೆ ಹಿಂಬರಹ ಕೇಳಿ ಪಡೆಯಬಹುದು. ಕಳುವಾದ ಫೋನನ್ನು ಕೇಂದ್ರ ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ಯಾರೂ ಬಳಸದಂತೆ ನಿರ್ಬಂಧಿಸುವುದಕ್ಕೂ ಠಾಣೆಗೆ ಕೊಟ್ಟ ದೂರಿನ ಪ್ರತಿ ಬೇಕಾಗುತ್ತದೆ. ಕೈಯಿಂದ ಕಿತ್ತುಕೊಂಡು ಓಡಿದ್ದರೆ ಅದು ಬರೀ ಕಳುವಲ್ಲ, ಕಸಿಯುವಿಕೆ. ನ್ಯಾಯ ಸಂಹಿತೆಯ 304ನೆಯ ಕಲಂ ಅಡಿ ಅದು ಪೊಲೀಸರೇ ನೇರವಾಗಿ ತನಿಖೆ ನಡೆಸಬಹುದಾದ ಸಂಜ್ಞೇಯ ಅಪರಾಧ, ವಸ್ತುವಿನ ಬೆಲೆ ಎಷ್ಟೇ ಇರಲಿ ಎಫ್‌ಐಆರ್ ಆಗಲೇಬೇಕು. ಸಂತೆಯಲ್ಲಿ ನಡೆದದ್ದು ಹೇಗೆ ಎಂಬುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕಾದದ್ದು ಇದಕ್ಕಾಗಿ.

ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿಯೇ ಹೇಳಿದೆ. ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿಯೊಂದಿಗೆ 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಸುರಕ್ಷಾ ಸಂಹಿತೆ ಅವಕಾಶ ನೀಡಿದೆ, ಅಷ್ಟೇ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ನಿರಾಕರಿಸಿದರೆ ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ತನಿಖೆ ಎಲ್ಲಿಗೆ ಬಂದಿದೆ ಎಂಬುದನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸುವುದೂ ಈಗ ಕಾನೂನಿನ ಮಾತು.

ಹಿರಿಯರನ್ನು ಕೂರಿಸಿಕೊಂಡದ್ದು ನನ್ನನ್ನು ಹೆಚ್ಚು ಬಾಧಿಸಿತು. ಸಾಕ್ಷಿಯಾಗಿ ವಿಚಾರಿಸಬೇಕಾದರೆ ಲಿಖಿತ ಆದೇಶ ಬೇಕು; ಅರವತ್ತು ವರ್ಷ ದಾಟಿದವರನ್ನು, ಮಹಿಳೆಯರನ್ನು, ಹದಿನೈದರೊಳಗಿನ ಮಕ್ಕಳನ್ನು, ಅಂಗವಿಕಲರನ್ನು ಮತ್ತು ತೀವ್ರ ಕಾಯಿಲೆಯವರನ್ನು ಅವರು ವಾಸಿಸುವ ಸ್ಥಳವನ್ನು ಬಿಟ್ಟು ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ ಎಂದು ಸುರಕ್ಷಾ ಸಂಹಿತೆಯ 179ನೆಯ ಕಲಂ ಹೇಳುತ್ತದೆ. ಆರೋಪಿಯೆಂದು ಕರೆಯುವುದಾದರೆ ಅದೇ ಸಂಹಿತೆಯ 35ನೆಯ ಕಲಂ ಅಡಿ ನೋಟಿಸ್ ಕೊಡಬೇಕು. ಫೋನ್ ಮಾಡಿ ಬನ್ನಿ ಎನ್ನುವುದು ಇವೆರಡರಲ್ಲಿ ಯಾವುದೂ ಅಲ್ಲ. ಚರಂಡಿ ನೀರು ಮೊದಲಿಗೆ ಪುರಸಭೆಯ ವಿಷಯ. ಹಕ್ಕಿನ ತಕರಾರಾದರೆ ಸಿವಿಲ್ ನ್ಯಾಯಾಲಯ, ಶಾಂತಿಭಂಗದ ಭಯವಿದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿಯಾದ ತಹಶೀಲ್ದಾರರು. ರಾಜಿಯೇ ಬೇಕೆಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ನಲ್ಲಿ ಮಾಡಿಕೊಳ್ಳಬಹುದು. ಅಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯ, ಅಂದರೆ ತೀರ್ಪಿನ, ಬೆಲೆಯಿದೆ. ಠಾಣೆಯಲ್ಲಿ ಬರೆಸಿಕೊಂಡ ಮುಚ್ಚಳಿಕೆಗೆ ಆ ಬೆಲೆಯಿಲ್ಲ, ಪ್ರತಿಯೂ ಸಿಗುವುದಿಲ್ಲ. ಠಾಣೆಗಳಲ್ಲಿ ಸಿಸಿಟಿವಿ ಕ್ಯಾಮೆರಾ ಇರಬೇಕೆಂದೂ, ದೃಶ್ಯಗಳನ್ನು 18 ತಿಂಗಳು ಕಾಯ್ದಿಡಬೇಕೆಂದೂ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. ಒಬ್ಬ ವೃದ್ಧರು ಎಷ್ಟು ಹೊತ್ತು ಬೆಂಚಿನ ಮೇಲೆ ಕುಳಿತಿದ್ದರು ಎಂಬುದಕ್ಕೆ ಅದೇ ಸಾಕ್ಷಿ.

ಧ್ವನಿವರ್ಧಕದ ನಿಯಮ ಸರಳ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಾಂಗಣದಲ್ಲಿ ಬಳಸುವಂತಿಲ್ಲ. ವರ್ಷಕ್ಕೆ ಗರಿಷ್ಠ 15 ದಿನ ಮಾತ್ರ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಆ ದಿನಗಳು ಯಾವುವು ಎಂಬುದನ್ನು ಶಾಂತಿ ಸಭೆಯಲ್ಲಿ ಎಲ್ಲ ಪೆಂಡಾಲಿನವರ, ದರ್ಗಾ ಮತ್ತು ಚರ್ಚಿನವರ ಮುಂದೆ ಓದಿ ಹೇಳಿಸಿದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಉತ್ತರ 4: ಫೋಟೋ ಸ್ಟುಡಿಯೋ ನಡೆಸುವವನು, ಬೀದರ್ ಜಿಲ್ಲೆ

ಬೀಟ್ ಸಮಿತಿಯೆಂದರೆ ಈಗ ಬಹುತೇಕ ವಾಟ್ಸ್‌ಆ್ಯಪ್ ಗುಂಪು ಎಂದೇ ಆಗಿದೆ. ಅದರ ಬಗ್ಗೆ ನಮ್ಮ ಜಿಲ್ಲೆಯವರಿಗೆ ಹೇಳಲು ನೋವಿನ ಕಾರಣವಿದೆ. 2018ರ ಜುಲೈನಲ್ಲಿ ಔರಾದ್ ತಾಲ್ಲೂಕಿನ ಮುರ್ಕಿ ಗ್ರಾಮದ ಬಳಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹಬ್ಬಿಸಿ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರನ್ನು ಜನರ ಗುಂಪು ಹೊಡೆದು ಕೊಂದಿತು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಅಂದು ಸಂದೇಶ ಕಳುಹಿಸಿದವರು ತಾವು ಊರನ್ನು ಕಾಯುತ್ತಿದ್ದೇವೆ ಎಂದೇ ನಂಬಿದ್ದರು.

ಆದ್ದರಿಂದ ಗುಂಪಿಗೆ ಸೇರುವ ಮುನ್ನ ಒಂದು ನಿಯಮವನ್ನು ಠಾಣಾಧಿಕಾರಿಯಿಂದಲೇ ಹಾಕಿಸಿರಿ: ಅಪರಿಚಿತರ ಫೋಟೋ, ವಾಹನ ಸಂಖ್ಯೆ, ಅನುಮಾನದ ಮಾತು ಗುಂಪಿನಲ್ಲಿ ಬರಕೂಡದು. ಅಂಥದ್ದು ನೇರವಾಗಿ ಬೀಟ್ ಸಿಬ್ಬಂದಿಗೆ ಅಥವಾ 112ಕ್ಕೆ ಹೋಗಬೇಕು. ಬೀಟ್ ಸದಸ್ಯನೆಂದು ಹೇಳಿಕೊಂಡು ಹಾದಿಯಲ್ಲಿ ಹೋಗುವವರ ಆಧಾರ್ ಕೇಳುವ ಹುಡುಗರನ್ನು ನಾನು ನೋಡಿದ್ದೇನೆ. ಆ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿಲ್ಲ.

ಪ್ರಶ್ನೆ ಕೇಳಿದವರಿಂದ: ಸಂತೆಬೀದಿ ನಿವಾಸಿ

ಎಲ್ಲರಿಗೂ ಧನ್ಯವಾದಗಳು. 5,000 ರೂಪಾಯಿಯ ಗೆರೆಯ ವಿಷಯ ನನಗೆ ತಿಳಿದಿರಲಿಲ್ಲ. ಓದಿದ ಮೇಲೆ ಆ ಹೆಂಗಸಿನೊಂದಿಗೆ ಕುಳಿತು ಅಂದು ನಡೆದದ್ದನ್ನು ಮತ್ತೊಮ್ಮೆ ಕೇಳಿದೆ. ತಕ್ಕಡಿಯ ಪಕ್ಕದಲ್ಲಿಟ್ಟಿದ್ದ ಫೋನ್ ಅಲ್ಲ ಅದು. ಆಕೆ ಮಗಳೊಂದಿಗೆ ಮಾತನಾಡುತ್ತಿದ್ದಾಗ ಕೈಯಿಂದಲೇ ಎಳೆದುಕೊಂಡು ಬಸ್ ನಿಲ್ದಾಣದ ಕಡೆಗೆ ಓಡಿದ್ದನಂತೆ. ಬಿಳಿ ಹಾಳೆಯಲ್ಲಿ 'ಸಂತೆಯಲ್ಲಿ ಮೊಬೈಲ್ ಕಳೆದುಹೋಗಿರುತ್ತದೆ' ಎಂದಷ್ಟೇ ಬರೆಸಲಾಗಿತ್ತು. ಈಗ ಆಕೆಯ ಮಾತಿನಲ್ಲೇ ಹೊಸದಾಗಿ ದೂರು ಬರೆದು, ಎರಡು ಪ್ರತಿ ಮಾಡಿ ಇಟ್ಟುಕೊಂಡಿದ್ದೇವೆ. ಸೋಮವಾರ ಠಾಣೆಗೆ ಹೋಗುತ್ತೇವೆ. ಅಲ್ಲಿ ಆಗದಿದ್ದರೆ ನೋಂದಾಯಿತ ಅಂಚೆಯಲ್ಲಿ ವರಿಷ್ಠಾಧಿಕಾರಿಗಳಿಗೆ ಕಳುಹಿಸುತ್ತೇವೆ.

ಸಮಿತಿಗೆ ಸೇರುವುದಾಗಿ ಬೀಟ್ ಕಾನ್‌ಸ್ಟೇಬಲ್‌ಗೆ ತಿಳಿಸಿದ್ದೇನೆ. ಸಂತೆಯ ವ್ಯಾಪಾರಿಗಳಿಂದ ಇಬ್ಬರನ್ನು, ಕಾಲೊನಿಯಿಂದ ಇಬ್ಬರನ್ನು ಸೇರಿಸಿಕೊಳ್ಳಬೇಕೆಂದು ಕೇಳಿದಾಗ ಅವರು ಸಂತೋಷದಿಂದಲೇ ಒಪ್ಪಿ, ಹೆಸರು ಕೊಡಿ ಎಂದರು. ಸೊಪ್ಪು ಮಾರುವಾಕೆ ಮಾತ್ರ ಸಂಜೆಯ ಸಭೆಯಾದರೆ ಬರಲಾಗುವುದಿಲ್ಲ, ಮಧ್ಯಾಹ್ನ ಮಾರಾಟ ಮುಗಿದ ಮೇಲಾದರೆ ಬರುತ್ತೇನೆ ಎಂದಿದ್ದಾರೆ. ಸಭೆಯ ಸಮಯವನ್ನು ಸದಸ್ಯರು ಬದಲಾಯಿಸಲು ಸಾಧ್ಯವೇ? ಸಭೆಯಲ್ಲಿ ಆಡಿದ ಮಾತನ್ನು ಯಾರು ಬರೆದಿಡುತ್ತಾರೆ? ಸುದ್ದಿಗಾರನೆಂಬ ಹೆಸರಿನ ಭಯದ ಬಗ್ಗೆಯೂ ಎಎಸ್‌ಐ ಅವರು ಒಂದು ಮಾತು ಹೇಳಬೇಕು.

ಉತ್ತರ 5: ನಿವೃತ್ತ ಎಎಸ್‌ಐ

ಸಮಯವನ್ನು ಬೀಟ್ ಸಿಬ್ಬಂದಿ ಮತ್ತು ಠಾಣಾಧಿಕಾರಿ ಸೇರಿ ನಿಗದಿ ಮಾಡುತ್ತಾರೆ. ಬದಲಾಯಿಸಲು ಯಾವ ಅಡ್ಡಿಯೂ ಇಲ್ಲ, ಕೇಳುವವರು ಇಲ್ಲದ್ದರಿಂದ ಸಂಜೆಗೆ ಇಡುತ್ತಾರೆ. ಸಂತೆಯ ಮರುದಿನ ಮಧ್ಯಾಹ್ನ ಸಂತೆ ಮೈದಾನದಲ್ಲೇ ನಡೆಸುವಂತೆ ಕೇಳಿರಿ. ಹಿಂದಿನ ದಿನ ನಡೆದದ್ದು ಎಲ್ಲರಿಗೂ ನೆನಪಿರುತ್ತದೆ, ಠಾಣೆಯ ಮೆಟ್ಟಿಲು ಹತ್ತಲು ಅಂಜುವವರೂ ಬರುತ್ತಾರೆ.

ನಡಾವಳಿಯನ್ನು ಬೀಟ್ ಸಿಬ್ಬಂದಿ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಸದಸ್ಯರೂ ಒಂದು ಪುಸ್ತಕ ಇಟ್ಟುಕೊಂಡು, ಯಾರು ಏನು ಕೇಳಿದರು, ಮುಂದಿನ ಸಭೆಯೊಳಗೆ ಯಾರು ಏನು ಮಾಡಬೇಕು ಎಂಬುದನ್ನು ಬರೆದು ಸಿಬ್ಬಂದಿಯ ಸಹಿ ಪಡೆಯುವುದು ಒಳ್ಳೆಯದು. ಸಿಬ್ಬಂದಿ ವರ್ಗಾವಣೆಯಾಗುತ್ತಾರೆ, ಹೊಸಬರು ಬಂದಾಗ ಆ ಪುಸ್ತಕವೇ ಅವರಿಗೆ ನಿಮ್ಮ ಬೀದಿಯ ಪರಿಚಯ.

ಸುದ್ದಿಗಾರ ಎಂಬ ಮಾತಿಗೆ: ಅಪರಾಧದ ಮಾಹಿತಿ ತನಗೆ ಎಲ್ಲಿಂದ ಬಂತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ನ್ಯಾಯಾಲಯದಲ್ಲಿಯೂ ಒತ್ತಾಯಿಸಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಆದರೆ ಊರಿನಲ್ಲಿ ಹೆಸರು ಹೊರಬರುವುದು ನ್ಯಾಯಾಲಯದಿಂದಲ್ಲ, ಸಿಬ್ಬಂದಿಯ ಬಾಯಿಂದ. ಅದಕ್ಕೆ ನಾನು ಹೊಸ ಹುಡುಗರಿಗೆ ಹೇಳುತ್ತಿದ್ದುದು, ಮಟ್ಕಾ ಅಥವಾ ಅಕ್ರಮ ಮದ್ಯದ ಮಾಹಿತಿಯನ್ನು ಬೀಟ್ ಸಭೆಯಲ್ಲಿ ಎಂದಿಗೂ ಕೇಳಬಾರದು, ಯಾರಾದರೂ ಹೇಳಲು ಬಂದರೂ ಅಲ್ಲಿಯೇ ತಡೆಯಬೇಕು ಎಂದು. ಸಭೆಯಲ್ಲಿ ದೀಪ, ದಾರಿ, ಶಾಲೆಯ ಗೇಟು, ಬೀಗ ಹಾಕಿದ ಮನೆ, ಹಬ್ಬದ ವೇಳಾಪಟ್ಟಿ, ಹಿಂದಿನ ದೂರುಗಳ ಸ್ಥಿತಿ ಇಷ್ಟೇ ಇರಲಿ. ಮೊದಲ ಸಭೆಯಲ್ಲಿಯೇ ಈ ಮಾತನ್ನು ನಿಮ್ಮ ಪುಸ್ತಕದ ಮೊದಲ ಪುಟದಲ್ಲಿ ಬರೆಸಿ, ಠಾಣಾಧಿಕಾರಿಯ ಸಹಿ ಹಾಕಿಸಿಕೊಳ್ಳಿರಿ. ಸೋಮವಾರ ಠಾಣೆಗೆ ಹೋದಾಗ ಸ್ವೀಕೃತಿಯ ಮೇಲೆ ಮೊಹರು, ದಿನಾಂಕ ಮತ್ತು ಸಮಯ ಮೂರೂ ಇವೆಯೇ ಎಂದು ನೋಡಿಕೊಂಡೇ ಹೊರಬನ್ನಿ.